ಪರದೇಶದ ಅನಾಥಾಶ್ರಮದಲ್ಲಿ ಒಂದು ವಾರದ ಸೇವೆ: ಲಾಭ ಯಾರಿಗೆ?



ಕಾಲೇಜಿಗೆ ಹೋಗುವ, ಈಗಷ್ಟೇ ಕೆಲಸಕ್ಕೆ ಸೇರಿರುವ ನಮ್ಮ ಮಕ್ಕಳ ಮೊಬೈಲಿಗೆ ಒಂದು ಬಗೆಯ ಜಾಹೀರಾತು ಬರುತ್ತದೆ. ಒಂದು ವಾರ ಕಾಂಬೋಡಿಯಾಕ್ಕೋ ನೇಪಾಳಕ್ಕೋ ಬನ್ನಿ, ಅಲ್ಲಿನ ಅನಾಥ ಮಕ್ಕಳ ಜೊತೆ ಇರಿ, ಪಾಠ ಹೇಳಿಕೊಡಿ, ಆಟ ಆಡಿಸಿ, ಬಿಡುವಿನಲ್ಲಿ ಊರು ನೋಡಿ ಅಂತ ಅದರಲ್ಲಿ ಇರುತ್ತದೆ. ಖರ್ಚು ಹೋಗುವವರದ್ದೇ. ಕೊನೆಗೆ ಒಂದು ಸರ್ಟಿಫಿಕೇಟ್ ಕೂಡ ಸಿಗುತ್ತದೆ.

ಕೇಳಿದರೆ ಯಾರಿಗಾದರೂ ಒಳ್ಳೆಯದು ಅಂತಲೇ ಅನ್ನಿಸುತ್ತದೆ. ತಬ್ಬಲಿ ಮಗುವಿಗೆ ಒಂದು ವಾರವಾದರೂ ಪ್ರೀತಿ ಸಿಕ್ಕರೆ ತಪ್ಪೇನು? ನಮ್ಮ ಹುಡುಗರಿಗೂ ಲೋಕಜ್ಞಾನ ಬರುತ್ತದಲ್ಲ? ಹೀಗೆ ಯೋಚಿಸುವವರ ಮನಸ್ಸು ಒಳ್ಳೆಯದೇ. ಆದರೆ ಕಳೆದ ಹದಿನೈದು-ಇಪ್ಪತ್ತು ವರ್ಷಗಳಲ್ಲಿ ಮಕ್ಕಳ ರಕ್ಷಣೆಯ ಕೆಲಸ ಮಾಡುವ ಸಂಸ್ಥೆಗಳು, ಹಲವು ಸರಕಾರಗಳು, ಕೊನೆಗೆ ವಿಶ್ವಸಂಸ್ಥೆ ಕೂಡ ಈ ಒಂದು ವಾರದ ಸೇವೆಯ ಬಗ್ಗೆ ಎಚ್ಚರಿಕೆ ಕೊಟ್ಟಿವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಈ ಎಚ್ಚರಿಕೆ ಯಾಕೆ ಬಂತು, ಇದಕ್ಕೂ ನಮ್ಮ ಸ್ವ-ಸಹಾಯ ಸಂಘಗಳಿಗೂ ಏನು ಸಂಬಂಧ ಎನ್ನುವುದನ್ನು ಈ ಲೇಖನದಲ್ಲಿ ಬಿಡಿಸಿ ಹೇಳಲು ಪ್ರಯತ್ನಿಸಿದ್ದೇವೆ.

ಕಾಂಬೋಡಿಯಾದಲ್ಲಿ ಏನಾಯಿತು?

ಕಾಂಬೋಡಿಯಾ ಇರುವುದು ಥಾಯ್ಲೆಂಡ್ ಮತ್ತು ವಿಯೆಟ್ನಾಂ ದೇಶಗಳ ನಡುವೆ. ಹನ್ನೆರಡನೆಯ ಶತಮಾನದಲ್ಲಿ ವಿಷ್ಣುವಿಗಾಗಿ ಕಟ್ಟಿದ ಆಂಕೋರ್ ವಾಟ್ ಎಂಬ ದೊಡ್ಡ ದೇವಾಲಯ ಅಲ್ಲಿದೆ. ಅದನ್ನು ನೋಡಲು ಲೋಕದ ಎಲ್ಲ ಕಡೆಯಿಂದ ಜನ ಬರುತ್ತಾರೆ. ದೇವಾಲಯದ ಹತ್ತಿರದ ಪಟ್ಟಣ ಸಿಯೆಮ್ ರೀಪ್. ದೇಶದ ರಾಜಧಾನಿ ನಾಮ್ ಪೆನ್.

ಈ ದೇಶ ತುಂಬಾ ನೋವು ಉಂಡಿದೆ. 1975ರಿಂದ 1979ರವರೆಗೆ ಖಮೇರ್ ರೂಜ್ ಎಂಬ ಗುಂಪಿನ ಆಡಳಿತದಲ್ಲಿ ಹಸಿವು, ರೋಗ, ಕೊಲೆಗಳಿಂದ ಸುಮಾರು 15ರಿಂದ 20 ಲಕ್ಷ ಜನ ಸತ್ತರು. ಆಗ ನಿಜಕ್ಕೂ ಸಾವಿರಾರು ಮಕ್ಕಳು ತಬ್ಬಲಿಗಳಾದರು. ಆ ಕಾಲದ ಅನಾಥಾಶ್ರಮಗಳಿಗೆ ಒಂದು ಅರ್ಥ ಇತ್ತು.

ಇಲ್ಲಿ ಒಂದು ಲೆಕ್ಕ ಮಾಡಿ ನೋಡೋಣ. 1979ರಲ್ಲಿ ಹೆತ್ತವರನ್ನು ಕಳೆದುಕೊಂಡ ಮಗುವಿಗೆ 2010ರಲ್ಲಿ ಎಷ್ಟು ವಯಸ್ಸಾಗಿರಬೇಕು? ಮೂವತ್ತು ದಾಟಿರಬೇಕು. ಅಂದರೆ ಯುದ್ಧ, ಹತ್ಯೆಗಳಿಂದ ತಬ್ಬಲಿಗಳಾದವರು ಅಷ್ಟರಲ್ಲಿ ದೊಡ್ಡವರಾಗಿ ತಮ್ಮದೇ ಸಂಸಾರ ಕಟ್ಟಿಕೊಂಡಿರಬೇಕು. ಅನಾಥಾಶ್ರಮಗಳು ಕಡಿಮೆಯಾಗಬೇಕಿತ್ತು. ಆದದ್ದು ಅದಕ್ಕೆ ತದ್ವಿರುದ್ಧ. 2005ರಲ್ಲಿ ಆ ದೇಶದಲ್ಲಿ 154 ಅನಾಥಾಶ್ರಮಗಳಿದ್ದವು. 2010ಕ್ಕೆ ಅವು 269 ಆದವು. ಐದೇ ವರ್ಷದಲ್ಲಿ ನೂರಕ್ಕೆ 75ರಷ್ಟು ಹೆಚ್ಚಳ!

ಅದೇ ಐದು ವರ್ಷಗಳಲ್ಲಿ ಇನ್ನೊಂದು ಸಂಖ್ಯೆಯೂ ಏರಿತು. 2005ರಲ್ಲಿ ಕಾಂಬೋಡಿಯಾಕ್ಕೆ ಬಂದ ವಿದೇಶಿ ಪ್ರವಾಸಿಗರು ಸುಮಾರು 14 ಲಕ್ಷ, 2010ರಲ್ಲಿ ಸುಮಾರು 25 ಲಕ್ಷ. ದೇಶದಲ್ಲಿ ಅನಾಥರು ಹೆಚ್ಚಾಗಿರಲಿಲ್ಲ, ಅನಾಥರನ್ನು ನೋಡಲು ಬರುವವರು ಹೆಚ್ಚಾಗಿದ್ದರು.

2011ರಲ್ಲಿ ಕಾಂಬೋಡಿಯಾ ಸರಕಾರವೂ ಯುನಿಸೆಫ್ ಸಂಸ್ಥೆಯೂ ಸೇರಿ ಒಂದು ಅಧ್ಯಯನದ ವರದಿ ಹೊರತಂದವು. ಅನಾಥಾಶ್ರಮದಲ್ಲಿರುವ ನಾಲ್ಕು ಮಕ್ಕಳಲ್ಲಿ ಸುಮಾರು ಮೂವರಿಗೆ ತಾಯಿಯೋ ತಂದೆಯೋ, ಕಡೇಪಕ್ಷ ಒಬ್ಬರಾದರೂ ಬದುಕಿದ್ದಾರೆ ಎಂಬುದು ಆಗ ಎಲ್ಲರಿಗೂ ತಿಳಿಯಿತು. ಹಾಗಾದರೆ ಆ ಮಕ್ಕಳು ಅಲ್ಲಿ ಯಾಕಿದ್ದರು? ಬಡತನ ಒಂದು ಕಾರಣ. ಓದಿನ ಆಸೆ ಇನ್ನೊಂದು ಕಾರಣ. "ನಿಮ್ಮ ಮಗುವನ್ನು ನಮ್ಮಲ್ಲಿಗೆ ಕಳಿಸಿ, ಊಟ ಕೊಡುತ್ತೇವೆ, ಇಂಗ್ಲಿಷ್ ಕಲಿಸುತ್ತೇವೆ" ಅಂದರೆ, ಮಳೆ ಕೈಕೊಟ್ಟು ಗದ್ದೆ ಒಣಗಿದ ಹಳ್ಳಿಯ ತಾಯಿ ಏನು ಮಾಡುತ್ತಾಳೆ? ಕಣ್ಣು ಒರೆಸಿಕೊಂಡು ಕಳಿಸುತ್ತಾಳೆ. ಅವಳನ್ನು ದೂರುವುದು ಸರಿಯಲ್ಲ. ಮಗು ಚೆನ್ನಾಗಿರಲಿ ಅಂತಲೇ ಅವಳು ಕಳಿಸಿದ್ದು.

ಪೇಟೆಯ ಲೆಕ್ಕ

ಸಂತೆಯಲ್ಲಿ ವ್ಯಾಪಾರ ಮಾಡುವ ನಮ್ಮ ಸಂಘದ ಸದಸ್ಯೆಯರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಯಾವುದಕ್ಕೆ ಗಿರಾಕಿ ಇದೆಯೋ ಆ ಸರಕು ಪೇಟೆಗೆ ಬರುತ್ತದೆ. ಹಬ್ಬದ ಹಿಂದಿನ ದಿನ ಮಲ್ಲಿಗೆಯ ಬೆಲೆ ಯಾಕೆ ಏರುತ್ತದೆ ಅಂತ ನಿಮಗೇ ಗೊತ್ತು.

ದೂರದ ಶ್ರೀಮಂತ ದೇಶದಿಂದ ಬಂದವರು ಅನಾಥ ಮಕ್ಕಳನ್ನು ನೋಡಬೇಕು ಅಂತಾರೆ. ನೋಡಿದ ಮೇಲೆ ಹಣ ಕೊಡುತ್ತಾರೆ, ಊರಿಗೆ ಹೋದ ಮೇಲೂ ಕಳಿಸುತ್ತಾರೆ. ಇದನ್ನು ಕಂಡ ಕೆಲವರಿಗೆ ಅನಾಥಾಶ್ರಮ ನಡೆಸುವುದು ಒಂದು ಉದ್ಯೋಗವಾಗಿ ಕಾಣಿಸಿತು. ಆಶ್ರಮ ನಡೆಯಬೇಕಾದರೆ ಮಕ್ಕಳು ಬೇಕು. ಮಕ್ಕಳು ಇಲ್ಲದಿದ್ದರೆ ಹಳ್ಳಿಗೆ ಹೋಗಿ ಕರೆದುಕೊಂಡು ಬರಬೇಕು. ಕಾಂಬೋಡಿಯಾದ ಅನಾಥಾಶ್ರಮಗಳಲ್ಲಿ ಬಹುಪಾಲು ಖಾಸಗಿಯವು, ಹೊರದೇಶದ ದಾನಿಗಳ ಹಣದಿಂದ ನಡೆಯುವಂಥವು. ಸಿಯೆಮ್ ರೀಪ್‌ನ ಬೀದಿಗಳಲ್ಲಿ ಮಕ್ಕಳ ಕೈಗೇ ಚೀಟಿ ಕೊಟ್ಟು ಪ್ರವಾಸಿಗರನ್ನು ಆಶ್ರಮಕ್ಕೆ ಕರೆಸುವುದು, ಸಂಜೆ ಹೊತ್ತು ಮಕ್ಕಳಿಂದ ಅಪ್ಸರಾ ನೃತ್ಯ ಮಾಡಿಸಿ ಕಾಣಿಕೆ ಎತ್ತುವುದು ನಡೆಯುತ್ತಿತ್ತು. ಕೆಲವು ಕಡೆ ಮಕ್ಕಳನ್ನು ಬೇಕೆಂದೇ ಹರಕು ಬಟ್ಟೆಯಲ್ಲಿ ಇಟ್ಟಿದ್ದೂ ಬೆಳಕಿಗೆ ಬಂತು. ಮಕ್ಕಳು ಗುಂಡುಗುಂಡಾಗಿ, ನೀಟಾಗಿ ಕಂಡರೆ ದಾನಿಗಳ ಮನಸ್ಸು ಕರಗುವುದಿಲ್ಲವಲ್ಲ!

ಎಲ್ಲ ಆಶ್ರಮಗಳೂ ಹೀಗೆ ಅಂತ ನಾವು ಹೇಳುವುದಿಲ್ಲ. ಪ್ರಾಮಾಣಿಕವಾಗಿ, ತಮ್ಮ ಬದುಕನ್ನೇ ಸವೆಸಿ ಮಕ್ಕಳನ್ನು ಸಾಕಿದವರು ಅಲ್ಲಿಯೂ ಇದ್ದಾರೆ, ನಮ್ಮಲ್ಲಿಯೂ ಇದ್ದಾರೆ. ಆದರೆ ಒಂದು ವಾರಕ್ಕೆ ಹೋದವರಿಗೆ ಯಾವುದು ಒಳ್ಳೆಯದು, ಯಾವುದು ಮೋಸದ್ದು ಅಂತ ಗೊತ್ತಾಗುವುದು ಹೇಗೆ? ಭಾಷೆ ಬರುವುದಿಲ್ಲ, ಊರು ಗೊತ್ತಿಲ್ಲ, ಲೆಕ್ಕದ ಪುಸ್ತಕ ಯಾರೂ ತೋರಿಸುವುದಿಲ್ಲ.

ನೇಪಾಳದ ಮಾತು

ನೇಪಾಳ ನಮಗೆ ಹತ್ತಿರದ ದೇಶ. ಭಾರತೀಯರಿಗೆ ಅಲ್ಲಿಗೆ ಹೋಗಲು ವೀಸಾ ಬೇಕಿಲ್ಲ. ಹಾಗಾಗಿ ನಮ್ಮ ಹುಡುಗ ಹುಡುಗಿಯರಿಗೆ ಅಲ್ಲಿಗೆ ಹೋಗುವುದು ಇನ್ನೂ ಸುಲಭ.

1996ರಿಂದ 2006ರವರೆಗೆ ನೇಪಾಳದಲ್ಲಿ ಮಾವೋವಾದಿಗಳಿಗೂ ಸರಕಾರಕ್ಕೂ ಕಾಳಗ ನಡೆಯಿತು. ದೇಶದ ಉತ್ತರ ಮೂಲೆಯಲ್ಲಿ ಹುಮ್ಲಾ ಎಂಬ ಬೆಟ್ಟದ ಜಿಲ್ಲೆ ಇದೆ. ಅಲ್ಲಿನ ಹಳ್ಳಿಗಳಿಗೆ ಆಗ ರಸ್ತೆ ಇರಲಿಲ್ಲ, ದಿನಗಟ್ಟಲೆ ನಡೆದೇ ಹೋಗಬೇಕಿತ್ತು. ಮಕ್ಕಳನ್ನು ಬಂಡುಕೋರರು ಎಳೆದುಕೊಂಡು ಹೋಗುತ್ತಾರೆ ಎಂಬ ಭಯ ಹೆತ್ತವರಿಗೆ. ಆಗ ದಲ್ಲಾಳಿಗಳು ಬಂದರು. ಕಾಠ್ಮಂಡುವಿನ ಒಳ್ಳೆಯ ಶಾಲೆಗೆ ಸೇರಿಸುತ್ತೇವೆ ಅಂದರು. ಹೆತ್ತವರು ಸಾಲ ಮಾಡಿ, ಹೊಲ ಮಾರಿ ಹಣ ಕೊಟ್ಟು ಮಕ್ಕಳನ್ನು ಕಳಿಸಿದರು. ಎಷ್ಟೋ ಮಕ್ಕಳು ಕಾಠ್ಮಂಡುವಿನಲ್ಲಿ ಅನಾಥರೆಂಬ ಹೆಸರಿನಲ್ಲಿ ಉಳಿದುಬಿಟ್ಟರು. ಬದುಕಿರುವ ಹೆತ್ತವರು ಸತ್ತಿದ್ದಾರೆ ಅಂತ ಸುಳ್ಳು ಕಾಗದಗಳೂ ಹುಟ್ಟಿಕೊಂಡವು. ಇಂತಹ ಮಕ್ಕಳನ್ನು 'ಕಾಗದದ ಅನಾಥರು' ಅಂತ ಕರೆಯುತ್ತಾರೆ.

ಅಮೆರಿಕದ ಕಾನರ್ ಗ್ರೆನನ್ ಎಂಬ ಯುವಕ 2004ರಲ್ಲಿ ಕಾಠ್ಮಂಡು ಹತ್ತಿರದ ಒಂದು ಮಕ್ಕಳ ಮನೆಗೆ ಸ್ವಯಂಸೇವಕನಾಗಿ ಹೋದವರು. ಅಲ್ಲಿನ ಮಕ್ಕಳು ಅನಾಥರೆಂದೇ ಅವರು ನಂಬಿದ್ದರು. ಮುಂದೆ ಅಲ್ಲಿನ ಮಕ್ಕಳಿಗೆ ಹೆತ್ತವರಿದ್ದಾರೆಂದು ತಿಳಿಯಿತು. 2006ರಲ್ಲಿ ಅವರು ಒಂದು ಸಂಸ್ಥೆ ಕಟ್ಟಿ, ಮಕ್ಕಳ ಫೋಟೋ ಹಿಡಿದುಕೊಂಡು ಹುಮ್ಲಾದ ಬೆಟ್ಟ ಹತ್ತಿ, ಹಳ್ಳಿಹಳ್ಳಿಯಲ್ಲಿ ಹೆತ್ತವರನ್ನು ಹುಡುಕಿದರು. ಮಗನೋ ಮಗಳೋ ಬದುಕಿರುವ ಸುದ್ದಿ ಎಷ್ಟೋ ತಾಯಂದಿರಿಗೆ ತಲುಪಿದ್ದು ಹಾಗೆ. ಇದನ್ನು ಅವರು ಪುಸ್ತಕವಾಗಿ ಬರೆದಿದ್ದಾರೆ. ಗಮನಿಸಿ, ಹೆತ್ತವರು ಸಿಕ್ಕಿದ್ದು ಒಂದು ವಾರದ ಆಟಪಾಠದಿಂದ ಅಲ್ಲ. ವರ್ಷಗಟ್ಟಲೆ ಹಿಡಿದ ಹಟದಿಂದ.

ನೇಪಾಳದಲ್ಲಿ ಆಗ 75 ಜಿಲ್ಲೆಗಳಿದ್ದವು. ಆದರೆ ಮಕ್ಕಳ ಮನೆಗಳಲ್ಲಿ ನೂರಕ್ಕೆ ಸುಮಾರು 90 ಇದ್ದದ್ದು ಪ್ರವಾಸಿಗರು ಹೆಚ್ಚು ಹೋಗುವ ಐದೇ ಜಿಲ್ಲೆಗಳಲ್ಲಿ. ಅನಾಥರು ಹುಟ್ಟುವುದು ಪ್ರವಾಸಿ ತಾಣಗಳಲ್ಲಿ ಮಾತ್ರವೇ? ಈ ಒಂದು ಪ್ರಶ್ನೆ ಸಾಕು. 2015ರ ಏಪ್ರಿಲ್ 25ರಂದು ಅಲ್ಲಿ ದೊಡ್ಡ ಭೂಕಂಪವಾಗಿ ಸುಮಾರು 9,000 ಜನ ಸತ್ತಾಗ, ಸಹಾಯದ ಹೆಸರಿನಲ್ಲಿ ಮಕ್ಕಳ ಸಾಗಾಟ ನಡೆಯಬಹುದೆಂದು ಸರಕಾರ ಹೆದರಿತು. ಹೆತ್ತವರು ಅಥವಾ ಒಪ್ಪಿಗೆ ಪಡೆದ ಪೋಷಕರು ಜೊತೆಗಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದ ಹೊರಗೆ ಕರೆದೊಯ್ಯುವುದಕ್ಕೆ ತಡೆ ಹಾಕಿತು. ಮಕ್ಕಳನ್ನು ಹೊರದೇಶಕ್ಕೆ ದತ್ತು ಕೊಡುವುದನ್ನೂ ನಿಲ್ಲಿಸಿತು.

ಮಡಿಲಿಗೆ ಓಡಿ ಬರುವ ಮಗು

ಮೋಸವೇ ಇಲ್ಲದ ಒಳ್ಳೆಯ ಆಶ್ರಮ ಅಂತಲೇ ಇಟ್ಟುಕೊಳ್ಳೋಣ. ಹೋಗುವವರು ಸಹ ಒಳ್ಳೆಯ ಮನಸ್ಸಿನವರೇ. ಆಗಲಾದರೂ ಒಂದು ವಾರದ ಸೇವೆ ಸರಿಯೇ?

ಹೋಗಿ ಬಂದವರು ಸಾಮಾನ್ಯವಾಗಿ ಹೇಳುವ ಮಾತು ಒಂದಿದೆ. "ಗೇಟಿನ ಒಳಗೆ ಕಾಲಿಟ್ಟ ಕೂಡಲೇ ಮಕ್ಕಳು ಓಡಿ ಬಂದು ಅಪ್ಪಿಕೊಂಡವು, ಮಡಿಲಿಂದ ಇಳಿಯಲೇ ಇಲ್ಲ, ಎಷ್ಟು ಪ್ರೀತಿ!" ಕೇಳಿದವರ ಕಣ್ಣೂ ಒದ್ದೆಯಾಗುತ್ತದೆ.

ಸಹೋದರಿಯರೇ, ಮಕ್ಕಳನ್ನು ಹೆತ್ತು ಸಾಕಿದವರು ನೀವು. ನೀವೇ ಹೇಳಿ. ಒಂಬತ್ತು ತಿಂಗಳ ಕೂಸನ್ನು ಗುರುತಿಲ್ಲದವರು ಎತ್ತಿಕೊಂಡರೆ ಅದು ಏನು ಮಾಡುತ್ತದೆ? ಮುಖ ತಿರುಗಿಸಿ, ಕಿರುಚಿ, ಅಮ್ಮನ ಕಡೆ ಕೈ ಚಾಚುತ್ತದೆ. ಎರಡು ಮೂರು ವರ್ಷದ ಮಗು ಹೊಸಬರು ಬಂದರೆ ಅಮ್ಮನ ಸೀರೆಯ ಹಿಂದೆ ಅವಿತುಕೊಳ್ಳುತ್ತದೆ. ಸುಮ್ಮನೆ ಅಳುತ್ತದೆ ಅಂತ ನಾವು ಗದರಿಸುತ್ತೇವೆ. ಆದರೆ ಅದು ಆರೋಗ್ಯದ ಲಕ್ಷಣ. ತನ್ನವರು ಯಾರು, ಪರರು ಯಾರು ಅಂತ ಮಗುವಿಗೆ ತಿಳಿದಿದೆ ಎಂದು ಅರ್ಥ. ಕಂಡ ಕಂಡವರ ಮಡಿಲಿಗೆಲ್ಲ ಏರುವ ಮಗುವಿಗೆ ತನ್ನದು ಅಂತ ಒಂದು ಮಡಿಲು ಇಲ್ಲ. ಮಕ್ಕಳ ಮನಸ್ಸನ್ನು ಬಲ್ಲವರು ಇದನ್ನು ಗಾಯದ ಗುರುತು ಅನ್ನುತ್ತಾರೆ.

ಇನ್ನೊಂದು ಲೆಕ್ಕ. ಒಂದು ಆಶ್ರಮಕ್ಕೆ ವಾರಕ್ಕೆ ಐದು ಜನ ಸ್ವಯಂಸೇವಕರು ಬಂದು ಹೋಗುತ್ತಾರೆ ಅಂತಿರಲಿ. ವರ್ಷಕ್ಕೆ 52 ವಾರ. ಅಲ್ಲಿನ ಒಂದು ಮಗು ವರ್ಷದಲ್ಲಿ 260 ಜನರಿಗೆ ಕೈ ಬೀಸಿ ಟಾಟಾ ಹೇಳಬೇಕು. ನಮ್ಮ ಮಗಳು ಹೋದ ವಾರ ಅವಳಿಗೆ ನೆನಪಿನ ವಾರ. ಆ ಮಗುವಿಗೆ ಅದು 52ರಲ್ಲಿ ಒಂದು. ಪ್ರತಿ ವಾರವೂ ಒಬ್ಬ ಅಕ್ಕ, ಒಬ್ಬ ಅಣ್ಣ ಹತ್ತಿರವಾಗುತ್ತಾರೆ, ಮತ್ತೆ ಬರುತ್ತೇವೆ ಅಂತಾರೆ, ಬರುವುದಿಲ್ಲ. ಹತ್ತಿರವಾದವರೆಲ್ಲ ಬಿಟ್ಟು ಹೋಗುತ್ತಾರೆ ಎಂಬ ಪಾಠವನ್ನು ಆ ಮಗು ಚೆನ್ನಾಗಿ ಕಲಿಯುತ್ತದೆ. ಇಂಗ್ಲಿಷ್ ಪಾಠವೋ, ಪ್ರತಿ ಸೋಮವಾರ ಹೊಸಬರು ಬಂದು ಮತ್ತೆ ಎ, ಬಿ, ಸಿ ಇಂದಲೇ ಶುರು ಮಾಡುತ್ತಾರೆ.

ಮಗುವಿಗೆ ತನ್ನವರೇ ಆದ ಒಬ್ಬರು ಬೇಕು ಎಂಬುದನ್ನು ರುಮೇನಿಯಾ ದೇಶದ ಅಧ್ಯಯನವೂ ತೋರಿಸಿದೆ. ಅಲ್ಲಿ 1989ರಲ್ಲಿ ಸರ್ವಾಧಿಕಾರಿ ಚೌಶೆಸ್ಕು ಬಿದ್ದಾಗ ಲಕ್ಷಕ್ಕೂ ಹೆಚ್ಚು ಮಕ್ಕಳು ಸರಕಾರಿ ಆಶ್ರಮಗಳಲ್ಲಿದ್ದರು. ಅಲ್ಲಿನ ರಾಜಧಾನಿ ಬುಕಾರೆಸ್ಟ್‌ನಲ್ಲಿ 2000ದಲ್ಲಿ ವಿಜ್ಞಾನಿಗಳು ಆಶ್ರಮದ 136 ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ಸುಮಾರು ಅರ್ಧ ಮಕ್ಕಳನ್ನು ಸಾಕು ಕುಟುಂಬಗಳಿಗೆ ಕೊಟ್ಟು, ಎಲ್ಲರ ಬೆಳವಣಿಗೆಯನ್ನು ವರ್ಷಗಟ್ಟಲೆ ನೋಡುತ್ತಾ ಬಂದರು. ಕುಟುಂಬಕ್ಕೆ ಹೋದ ಮಕ್ಕಳು ಬುದ್ಧಿಯಲ್ಲೂ ಮನಸ್ಸಿನ ನೆಮ್ಮದಿಯಲ್ಲೂ ಮುಂದೆ ಬಂದರು. ಎರಡು ವರ್ಷ ತುಂಬುವ ಮೊದಲೇ ಹೋದವರು ಇನ್ನೂ ಹೆಚ್ಚು ಚೇತರಿಸಿಕೊಂಡರು. ಆಶ್ರಮದಲ್ಲಿ ಊಟ ಬಟ್ಟೆ ಇತ್ತು. ಇಲ್ಲದಿದ್ದದ್ದು ದಿನವೂ ಅದೇ ಮುಖ, ಅದೇ ದನಿ, ಅದೇ ಕೈ.

ಸರಕಾರಗಳು ಏನು ಮಾಡಿವೆ?

2009ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಹೆತ್ತವರ ಆರೈಕೆ ಇಲ್ಲದ ಮಕ್ಕಳ ಬಗ್ಗೆ ಮಾರ್ಗಸೂಚಿಗಳನ್ನು ಒಪ್ಪಿಕೊಂಡಿತು. ಬಡತನ ಒಂದೇ ಕಾರಣಕ್ಕೆ ಮಗುವನ್ನು ಕುಟುಂಬದಿಂದ ಬೇರೆ ಮಾಡಬಾರದು, ಬಡತನ ಇದ್ದರೆ ಆ ಕುಟುಂಬಕ್ಕೆ ಸಹಾಯ ಮಾಡಬೇಕು ಎನ್ನುವುದು ಅದರ ಸಾರ. 2019ರ ಡಿಸೆಂಬರಿನಲ್ಲಿ ಅದೇ ಮಹಾಸಭೆ ಅನಾಥಾಶ್ರಮಗಳಲ್ಲಿನ ಪ್ರವಾಸ ಮತ್ತು ಸ್ವಯಂಸೇವೆಯಿಂದ ಮಕ್ಕಳಿಗೆ ಆಗುವ ಹಾನಿಯನ್ನು ತನ್ನ ನಿರ್ಣಯದಲ್ಲೇ ಹೆಸರಿಸಿತು.

ಕಾಂಬೋಡಿಯಾದಲ್ಲಿ 2011ರಲ್ಲೇ 'ಮಕ್ಕಳು ಪ್ರವಾಸಿಗರ ನೋಟದ ವಸ್ತುವಲ್ಲ' ಎಂಬ ಅರ್ಥದ ಪ್ರಚಾರ ಆಂದೋಲನ ಶುರುವಾಯಿತು. 2015ರಲ್ಲಿ ಅಲ್ಲಿನ ಸರಕಾರ ಆಶ್ರಮಗಳಿಗೆ ಬಿಗಿಯಾದ ನಿಯಮ ತಂದಿತು. ಐದು ಪ್ರಾಂತ್ಯಗಳ ಆಶ್ರಮಗಳಲ್ಲಿರುವ ಮಕ್ಕಳಲ್ಲಿ ನೂರಕ್ಕೆ 30ರಷ್ಟು ಮಂದಿಯನ್ನು 2018ರ ಒಳಗೆ ಕುಟುಂಬಕ್ಕೆ ಸೇರಿಸುವ ಗುರಿ ಇಟ್ಟುಕೊಂಡಿತು. ಅಂದಿನಿಂದ ಅಲ್ಲಿ ಆಶ್ರಮಗಳೂ ಅವುಗಳಲ್ಲಿರುವ ಮಕ್ಕಳೂ ಕಡಿಮೆಯಾಗುತ್ತಾ ಬಂದಿದ್ದಾರೆ.

ಸ್ವಯಂಸೇವಕರನ್ನು ಹೆಚ್ಚು ಕಳಿಸುತ್ತಿದ್ದ ದೇಶಗಳಲ್ಲಿ ಆಸ್ಟ್ರೇಲಿಯಾವೂ ಒಂದು. ಅಲ್ಲಿನ ಸಂಸತ್ತಿನ ಸಮಿತಿ 2017ರಲ್ಲಿ ಆಧುನಿಕ ಗುಲಾಮಗಿರಿಯ ಬಗ್ಗೆ ಕೊಟ್ಟ ವರದಿಯಲ್ಲಿ ಅನಾಥಾಶ್ರಮಗಳಿಗಾಗಿ ನಡೆಯುವ ಮಕ್ಕಳ ಸಾಗಾಟವನ್ನೂ ಸೇರಿಸಿತು. 2018ರಲ್ಲಿ ಸರಕಾರ ತನ್ನ ಯುವಜನರಿಗೆ ಅನಾಥಾಶ್ರಮಗಳ ಅಲ್ಪಾವಧಿ ಸೇವೆಗೆ ಹೋಗಬೇಡಿ ಎಂದು ತಿಳಿಹೇಳುವ ಪ್ರಚಾರ ನಡೆಸಿತು.

ಧರ್ಮಭಗಿನಿಯರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಆಫ್ರಿಕಾದ ಉಗಾಂಡಾದಲ್ಲಿ ಮಕ್ಕಳ ಮನೆಗಳನ್ನು ನಡೆಸುತ್ತಿದ್ದ ಕಥೋಲಿಕ ಧರ್ಮಭಗಿನಿಯರು 2016ರಿಂದ ಒಟ್ಟಾಗಿ, ಮಕ್ಕಳನ್ನು ಅವರವರ ಕುಟುಂಬಗಳಿಗೆ ಮರಳಿಸುವ, ಕುಟುಂಬಗಳನ್ನು ಬಲಪಡಿಸುವ ಕೆಲಸ ಕೈಗೆತ್ತಿಕೊಂಡರು. ಅದಕ್ಕಾಗಿ ಸಮಾಜಕಾರ್ಯದ ತರಬೇತಿ ಪಡೆದರು. ಅವರ ಕೆಲಸ ಗೋಡೆಯ ಒಳಗಿನಿಂದ ಹಳ್ಳಿಯ ಮನೆಗಳಿಗೆ ಬಂತು, ಅಷ್ಟೇ. ಮಕ್ಕಳ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ.

ಹಾಗಾದರೆ ಸೇವೆಯೇ ಬೇಡವೇ?

ಖಂಡಿತ ಬೇಕು. ಸೇವೆ ಮಾಡಬೇಕೆನ್ನುವ ಮಕ್ಕಳ ಉತ್ಸಾಹಕ್ಕೆ ತಣ್ಣೀರು ಎರಚಬೇಡಿ. ಆದರೆ ಹೊರಡುವ ಮೊದಲು ಅವರ ಜೊತೆ ಕೂತು ಈ ಪ್ರಶ್ನೆಗಳನ್ನು ಕೇಳಿ.

1. ಈ ಕೆಲಸ ನಿನಗೆ ಇಲ್ಲಿ ಮಾಡಲು ಬಿಡುತ್ತಾರಾ? ತರಬೇತಿ ಇಲ್ಲದ ಇಪ್ಪತ್ತರ ಹುಡುಗನನ್ನು ನಮ್ಮ ಅಂಗನವಾಡಿಯಲ್ಲಿ ಒಂದು ವಾರ ಮಕ್ಕಳ ಜೊತೆ ಬಿಟ್ಟರೆ ನಾವು ಒಪ್ಪುತ್ತೇವಾ? ನಮ್ಮ ಮಕ್ಕಳಿಗೆ ಆಗದ್ದು ಅವರ ಮಕ್ಕಳಿಗೆ ಹೇಗೆ ಆಗುತ್ತದೆ?

2. ನಿನ್ನ ಹಿನ್ನೆಲೆಯನ್ನು ಅವರು ವಿಚಾರಿಸಿದರಾ? ಪೊಲೀಸ್ ಪರಿಶೀಲನಾ ಪತ್ರ ಕೇಳಿದರಾ? ಹಣ ಕಟ್ಟಿದ ಯಾರನ್ನಾದರೂ ಒಳಗೆ ಬಿಡುವ ಜಾಗದಲ್ಲಿ ಕೆಟ್ಟ ಉದ್ದೇಶದವರೂ ಸುಲಭವಾಗಿ ಒಳಗೆ ಬರುತ್ತಾರೆ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಪ್ರಕರಣಗಳು ಹೀಗೆಯೇ ಆಗಿವೆ.

3. ಅಲ್ಲಿನ ಮಕ್ಕಳಿಗೆ ಹೆತ್ತವರು, ಅಜ್ಜಿ, ದೊಡ್ಡಮ್ಮ, ಚಿಕ್ಕಪ್ಪ ಯಾರಾದರೂ ಇದ್ದಾರಾ? ಮಕ್ಕಳನ್ನು ಮನೆಗೆ ಮರಳಿಸಲು ಆಶ್ರಮದವರು ಏನು ಮಾಡುತ್ತಿದ್ದಾರೆ?

4. ನೀನು ಮಾಡುವ ಕೆಲಸ ಅಲ್ಲಿನ ಒಬ್ಬ ಹೆಂಗಸಿನ ಸಂಬಳದ ಕೆಲಸವೇ? ಅಡುಗೆ, ತೊಳೆಯುವುದು, ಗೋಡೆಗೆ ಬಣ್ಣ ಹೊಡೆಯುವುದು ಇದನ್ನೆಲ್ಲ ಪುಕ್ಕಟೆಯಾಗಿ ಬಂದವರು ಮಾಡಿದರೆ ಅಲ್ಲಿನ ಬಡವರ ಕೂಲಿ ಹೋಗುತ್ತದೆ.

5. ಮಕ್ಕಳ ಫೋಟೋ ತೆಗೆದು ಎಲ್ಲರಿಗೂ ಕಳಿಸಲು ಬಿಡುತ್ತಾರಾ? ಬಿಡುತ್ತಾರೆ ಅಂದರೆ ಆ ಮಕ್ಕಳ ಮಾನದ ಕಾಳಜಿ ಅಲ್ಲಿ ಇಲ್ಲ ಅಂತ ತಿಳಿಯಬೇಕು.

ಈ ಐದು ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಗದಿದ್ದರೆ ಹೋಗದಿರುವುದೇ ಸೇವೆ. ದಾದಿಯರು, ಶಿಕ್ಷಕರು, ಲೆಕ್ಕಪತ್ರ ಬಲ್ಲವರು ತಮ್ಮ ಕಸುಬನ್ನು ಅಲ್ಲಿನ ಸಿಬ್ಬಂದಿಗೆ ಕಲಿಸಿ ಬಂದರೆ ಅದು ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಕಲಿತ ವಿದ್ಯೆ ಅಲ್ಲೇ ಉಳಿಯುತ್ತದೆ. ಊರು ನೋಡಬೇಕಾದರೆ ಊರು ನೋಡಲಿ, ಆಂಕೋರ್ ವಾಟ್ ನೋಡಲಿ, ಅಲ್ಲಿನ ಅಂಗಡಿಗಳಲ್ಲಿ ಊಟ ಮಾಡಲಿ. ಆ ಅಂಗಡಿಯಲ್ಲಿ ದುಡಿಯುವ ತಾಯಿಯ ಮಗು ಅವಳ ಹತ್ತಿರವೇ ಉಳಿಯಲು ಅದೂ ಒಂದು ಸಹಾಯ.

ಇದು ನಮ್ಮ ಸಂಘದ ಮಾತೂ ಹೌದು

ಕಾಂಬೋಡಿಯಾದ ತಾಯಿ ಮಗುವನ್ನು ಕಳಿಸಿದ್ದು ಬಡತನಕ್ಕೆ, ಓದಿನ ಆಸೆಗೆ ಅಂತ ಮೇಲೆ ಹೇಳಿದೆವು. ನಮ್ಮ ನಡುವೆಯೂ ಅಂತಹ ಮನೆಗಳಿವೆ. ಗಂಡ ತೀರಿಕೊಂಡವಳು, ಗಂಡ ಬಿಟ್ಟು ಹೋದವಳು, ಕುಡುಕ ಗಂಡನ ಕೈಯಲ್ಲಿ ನಲುಗಿದವಳು, ಕಾಯಿಲೆಯಲ್ಲಿ ಮಲಗಿದವಳು, ಎಲ್ಲಾದರೂ ಆಶ್ರಮಕ್ಕೆ ಸೇರಿಸಿದರೆ ಮಗು ಬದುಕಿಕೊಳ್ಳುತ್ತದೆ ಅಂತ ಕಣ್ಣೀರು ಹಾಕುವುದನ್ನು ನಾವು ಕಂಡಿದ್ದೇವೆ. ಅಂಥವಳು ನಿಮ್ಮ ಸಂಘದಲ್ಲಿಯೇ ಇರಬಹುದು. ಅವಳಿಗೆ ಈ ವಿಷಯಗಳನ್ನು ತಿಳಿಸಿ.

ನಮ್ಮ ದೇಶದಲ್ಲಿ 2015ರ ಬಾಲನ್ಯಾಯ ಕಾಯ್ದೆ ಇದೆ. ಮಗುವನ್ನು ಸಂಸ್ಥೆಗೆ ಸೇರಿಸುವುದು ಬೇರೆ ಎಲ್ಲ ದಾರಿ ಮುಚ್ಚಿದ ಮೇಲಿನ ಕೊನೆಯ ಉಪಾಯ ಆಗಿರಬೇಕು ಅಂತ ಆ ಕಾಯ್ದೆ ಹೇಳುತ್ತದೆ. ಮಕ್ಕಳನ್ನು ಇಟ್ಟುಕೊಳ್ಳುವ ಯಾವ ಸಂಸ್ಥೆಯೇ ಆದರೂ ಈ ಕಾಯ್ದೆಯಡಿ ನೋಂದಣಿ ಮಾಡಿಸಲೇಬೇಕು. ಪ್ರತಿ ಜಿಲ್ಲೆಯಲ್ಲೂ ಮಕ್ಕಳ ಕಲ್ಯಾಣ ಸಮಿತಿ ಇದೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ. ಆರೈಕೆಯ ಅಗತ್ಯವಿರುವ ಮಗುವಿನ ಬಗ್ಗೆ ತೀರ್ಮಾನ ಮಾಡಬೇಕಾದದ್ದು ಆ ಸಮಿತಿ. ದಾರಿಯಲ್ಲಿ ಸಿಕ್ಕ ದಲ್ಲಾಳಿ ಅಲ್ಲ.

ಕೇಂದ್ರ ಸರಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಎಂಬ ಒಂದು ಭಾಗವಿದೆ. ವಿಧವೆ, ವಿಚ್ಛೇದಿತೆ ಅಥವಾ ಗಂಡ ಬಿಟ್ಟ ತಾಯಿಯ ಮಕ್ಕಳು, ಹೆತ್ತವರಿಲ್ಲದೆ ಬಂಧುಗಳ ಮನೆಯಲ್ಲಿ ಬೆಳೆಯುವ ಮಕ್ಕಳು, ಪ್ರಾಣಾಪಾಯದ ಕಾಯಿಲೆ ಇರುವವರ ಮಕ್ಕಳು ಇಂಥವರಿಗೆ ಮನೆಯಲ್ಲೇ ಬೆಳೆಯಲು ತಿಂಗಳಿಗೆ 4,000 ರೂಪಾಯಿ ಸಹಾಯ ಕೊಡಲು 2022ರ ಮಾರ್ಗಸೂಚಿಯಲ್ಲಿ ಅವಕಾಶ ಮಾಡಲಾಗಿದೆ. ಅದರಲ್ಲಿ ಕುಟುಂಬದ ವಾರ್ಷಿಕ ಆದಾಯದ ಮಿತಿಯನ್ನು ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಅಂತ ಇಟ್ಟಿದ್ದಾರೆ. ಅರ್ಜಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕೇಳಬೇಕು. ಅಂಗನವಾಡಿ ಕಾರ್ಯಕರ್ತೆಯ ಹತ್ತಿರವೂ ವಿಚಾರಿಸಿ. ಅಪಾಯದಲ್ಲಿರುವ ಮಗು ಕಂಡರೆ 1098ಕ್ಕೆ ಫೋನ್ ಮಾಡಿ, ಹಣ ಖರ್ಚಾಗುವುದಿಲ್ಲ.

ಕೊನೆಗೆ ಒಂದು ಹೋಲಿಕೆ. ವಿಮಾನದ ಟಿಕೆಟು, ಏಜೆನ್ಸಿಯ ಶುಲ್ಕ, ಉಳಿಯುವ ಖರ್ಚು ಎಲ್ಲ ಸೇರಿ ಒಬ್ಬರ ಒಂದು ವಾರದ ಪರದೇಶದ ಸೇವೆಗೆ ಲೆಕ್ಕಕ್ಕೆ 1 ಲಕ್ಷ ರೂಪಾಯಿ ಅಂತ ಹಿಡಿಯೋಣ. ತಿಂಗಳಿಗೆ 4,000ದಂತೆ ಒಂದು ಮಗುವಿಗೆ ವರ್ಷಕ್ಕೆ 48,000 ಆಗುತ್ತದೆ. ಅಂದರೆ ಆ ಹಣದಲ್ಲಿ ಇಬ್ಬರು ಮಕ್ಕಳು ಇಡೀ ಒಂದು ವರ್ಷ ತಮ್ಮ ಅಮ್ಮನ ಪಕ್ಕದಲ್ಲೇ ಮಲಗಿ, ಶಾಲೆಗೆ ಹೋಗಬಹುದು. ಇನ್ನೂ 4,000 ರೂಪಾಯಿ ಉಳಿಯುತ್ತದೆ.

ಇಷ್ಟು ದೊಡ್ಡ ಮೊತ್ತ ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ವಾರಕ್ಕೆ ಹತ್ತೋ ಇಪ್ಪತ್ತೋ ಕೂಡಿಸಿದ ಉಳಿತಾಯದಿಂದ ನೀವು ಕೊಡುವ ಆಂತರಿಕ ಸಾಲ ಎಷ್ಟೋ ಮನೆಯ ಒಲೆ ಆರದಂತೆ ನೋಡಿಕೊಂಡಿದೆ. ಶಾಲೆ ತೆರೆಯುವ ಜೂನ್ ತಿಂಗಳಲ್ಲಿ ಒಬ್ಬಳು ತಾಯಿಗೆ ಮಗುವಿನ ಪುಸ್ತಕಕ್ಕೆ, ಸಮವಸ್ತ್ರಕ್ಕೆ ಸಾಲ ಸಿಕ್ಕಿತು ಅಂದರೆ, ಮಗುವನ್ನು ಎಲ್ಲಿಗಾದರೂ ಕಳಿಸಿಬಿಡೋಣ ಎಂಬ ಯೋಚನೆ ಆ ಮನೆಯಲ್ಲಿ ಹುಟ್ಟುವುದಿಲ್ಲ. ಪಾಸ್‌ಪೋರ್ಟ್ ಇಲ್ಲದೆ, ಸರ್ಟಿಫಿಕೇಟ್ ಇಲ್ಲದೆ ನೀವು ವರ್ಷದ 52 ವಾರವೂ ಮಾಡುತ್ತಿರುವ ಮಕ್ಕಳ ಸೇವೆ ಇದು.

ಮುಂದಿನ ಸಭೆಯಲ್ಲಿ ಚರ್ಚಿಸಿ

• ನಮ್ಮ ಸಂಘದ ಸದಸ್ಯೆಯರ ಮಕ್ಕಳಲ್ಲಿ ಯಾರಾದರೂ ಆಶ್ರಮದಲ್ಲೋ ದೂರದ ವಸತಿನಿಲಯದಲ್ಲೋ ಇದ್ದಾರೆಯೇ? ಇದ್ದರೆ ಕಾರಣ ಏನು? ಆ ಸಂಸ್ಥೆಗೆ ನೋಂದಣಿ ಇದೆಯೇ? ತಾಯಿ ಎಷ್ಟು ದಿನಕ್ಕೊಮ್ಮೆ ಹೋಗಿ ನೋಡಿ ಬರುತ್ತಾಳೆ?

• ಪ್ರಾಯೋಜಕತ್ವದ ಸಹಾಯಕ್ಕೆ ಅರ್ಹರಾದ ಮಕ್ಕಳು ನಮ್ಮ ವಾರ್ಡಿನಲ್ಲಿ ಯಾರಿದ್ದಾರೆ? ಅರ್ಜಿ ಬರೆಯಲು, ಆಧಾರ್, ಬ್ಯಾಂಕ್ ಪಾಸ್ ಪುಸ್ತಕ, ಆದಾಯ ಪ್ರಮಾಣಪತ್ರ ಜೋಡಿಸಲು ಅವರಿಗೆ ಯಾರು ಸಹಾಯ ಮಾಡುತ್ತೀರಿ? ಹೆಸರನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ.

• ಹುಟ್ಟುಹಬ್ಬ, ವರ್ಷಾಂತಿಕ ಎಂದು ಮಕ್ಕಳ ಮನೆಗೆ ಸಿಹಿ ಹಂಚಲು ಹೋಗುವ ರೂಢಿ ನಮ್ಮಲ್ಲಿಯೂ ಇದೆ. ಅದೇ ಹಣವನ್ನು ಮನೆಯಲ್ಲೇ ಕಷ್ಟದಲ್ಲಿ ಬೆಳೆಯುತ್ತಿರುವ ಒಂದು ಮಗುವಿಗೆ ಬಳಸಬಹುದೇ?

ಚರ್ಚೆಯಲ್ಲಿ ಬಂದ ಮಾತುಗಳನ್ನು ನಮ್ಮ ಕಾರ್ಯಕರ್ತೆ ನಿಮ್ಮ ಸಂಘಕ್ಕೆ ಬಂದಾಗ ತಪ್ಪದೆ ತಿಳಿಸಿರಿ.